ಕಾರ್ಹೆ ಕುದುರೆ ಯುದ್ಧನ ಟೇಬಲ್ ಮೇಲೆ ಕೆಡಿಸದೆ ಆಡೋದು ಹೇಗೆ: ಬೇಸ್ ಕತ್ತರಿಸೋದ್ರಿಂದ ಕೊನೇ ಟರ್ನ್‌ವರೆಗೆ

ಮಿನಿಯೇಚರ್ ಸೈನ್ಯ, ಅಂದ್ರೆ ಪುಟ್ಟ ಗೊಂಬೆ ಸೈನಿಕರನ್ನ ಇಟ್ಕೊಂಡು ರೋಮನ್ನರಿಗೂ ಪಾರ್ಥಿಯನ್ನರಿಗೂ ನಡೆದ ಕಾರ್ಹೆ ಯುದ್ಧನ ಆಡೋಕೆ ಕೂತವ್ರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಎಡವ್ತಾರೆ. ಒಂದೋ ಪಾರ್ಥಿಯನ್ ಕಡೆಯೋನು ಎರಡನೇ ಟರ್ನ್‌ಗೇ ಕವಚದ ಕುದುರೆಗಳನ್ನ ರೋಮನ್ ಸಾಲಿನ ಮೇಲೆ ನುಗ್ಗಿಸಿ ಕಳ್ಕೊಂಡ್ಬಿಡ್ತಾನೆ, ಇಲ್ಲಾ ಹಾರ್ಸ್ ಆರ್ಚರ್‌ಗಳನ್ನ (ಕುದುರೆ ಮೇಲಿಂದ ಬಾಣ ಬಿಡೋರನ್ನ) ಕಾಲಾಳು ಥರ ಸಾಲಾಗಿ ನಿಲ್ಸಿ ಸಿಕ್ಕಿಹಾಕೋತಾನೆ, ಇಲ್ಲಾ ಎಲ್ಲಾ ಸರಿಯಾಗೇ ನಡೀತಿರತ್ತೆ ಆದ್ರೆ ರೋಮನ್ ಕಡೆಯೋನಿಗೆ ಮಾಡೋಕೆ ಏನೂ ಇಲ್ದೆ ಬೇಜಾರಾಗಿ ಫೋನ್ ನೋಡ್ತಾ ಕೂತಿರ್ತಾನೆ. ಮೂರಕ್ಕೂ ಬೇರು ಒಂದೇ. ಇದು ಕತ್ತಿ ಈಟಿ ಯುದ್ಧ ಅಲ್ಲ, ದೂರ ಮತ್ತು ಬಾಣದ ಲೆಕ್ಕದ ಯುದ್ಧ, ಆ ಲೆಕ್ಕ ನಿಮ್ಮ ರೂಲ್ಸ್ ಒಳಗೆ ಇಲ್ಲ ಅಂದ್ರೆ ಎಷ್ಟು ಚೆನ್ನಾಗಿ ಪೇಂಟ್ ಮಾಡಿದ್ರೂ ಆಟ ನಿಲ್ಲಲ್ಲ.

ಗೊತ್ತಿರಬೇಕಾದ್ದು ಇಷ್ಟೇ: ಕ್ರಿ.ಪೂ. 53, ಈಗಿನ ಟರ್ಕಿಯ ಹರಾನ್ ಹತ್ರದ ಬಯಲು, ಒಂದ್ಕಡೆ ಕ್ರಾಸಸ್‌ನ ರೋಮನ್ ಕಾಲಾಳು, ಇನ್ನೊಂದ್ಕಡೆ ಪರ್ಷಿಯಾ ಆಳ್ತಿದ್ದ ಪಾರ್ಥಿಯನ್ನರ ಸೇನಾಪತಿ ಸುರೇನ, ಅವನ ಹತ್ರ ಬರೀ ಕುದುರೆ. ಕೆಳಗಿರೋ ಸಂಖ್ಯೆಗಳು ಹೆಚ್ಚಾಗಿ ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿರೋದ್ರಿಂದ ತಗೊಂಡಿದ್ದು, ಆಟದ ರೂಲ್ಸ್ ಮಾತ್ರ ನಾವು ನಾಲ್ಕು ಜನ ಆಡಿ ಆಡಿ ತಿದ್ದಿಕೊಂಡಿದ್ದು.

## 1. ಲೆಕ್ಕ ಮೊದಲು, ಖರೀದಿ ಆಮೇಲೆ

ಎಲ್ಲರೂ ಮೊದಲು ಕೊಳ್ಳೋದು ಕ್ಯಾಟಫ್ರಾಕ್ಟ್, ಅಂದ್ರೆ ತಲೆಯಿಂದ ಕಾಲವರೆಗೂ ಕವಚ ಹಾಕಿದ ಸವಾರ, ಕುದುರೆಗೂ ಕವಚ. ನೋಡೋಕೆ ಅಷ್ಟು ಚಂದ, ಹಂಗಾಗಿ ಇಪ್ಪತ್ತು ಮೂವತ್ತು ತಗೊಂಡ್ಬಿಡ್ತಾರೆ. ಆದ್ರೆ ಸುರೇನನ ಹತ್ರ ಇದ್ದಿದ್ದು 1,000 ಕ್ಯಾಟಫ್ರಾಕ್ಟ್, ಹಾರ್ಸ್ ಆರ್ಚರ್‌ಗಳು ಸುಮಾರು 9,000. ಒಂದಕ್ಕೆ ಒಂಬತ್ತು. ಈ ಅನುಪಾತ ತಪ್ಪಿದ್ರೆ ನೀವು ಆಡ್ತಿರೋದು ಬೇರೆ ಯಾವುದೋ ಯುದ್ಧ.

ಲೆಕ್ಕ ಹೀಗೆ ಹಾಕ್ಕೊಳ್ಳಿ. ಬೇಸ್ ಅಂದ್ರೆ ಗೊಂಬೆಗಳನ್ನ ಅಂಟಿಸೋ ಹಲಗೆ ತುಂಡು. ಒಂದು ಕುದುರೆ ಬೇಸ್ ಅಂದ್ರೆ 500 ಸವಾರರು, ಹಾಗಾದ್ರೆ ಹಾರ್ಸ್ ಆರ್ಚರ್ 18 ಬೇಸ್. ಕ್ಯಾಟಫ್ರಾಕ್ಟ್ ಅದೇ ಲೆಕ್ಕಕ್ಕೆ ಬರೀ 2 ಬೇಸ್ ಆಗತ್ತೆ, ಅಷ್ಟರಲ್ಲಿ ಆಡೋಕೆ ಆಗಲ್ಲ, ಅದಕ್ಕೆ ಅವುಗಳಿಗೆ ಮಾತ್ರ 250ಕ್ಕೆ ಒಂದು ಬೇಸ್ ಅಂತ ಇಟ್ಕೊಂಡು 4 ಮಾಡಿ. ಜೊತೆಗೆ ಬಾಣ ಹೊತ್ತ ಒಂಟೆ 5 ಬೇಸ್. ಒಂಟೆ ಬೇಡ ಅಂತ ಬಿಡೋರಿದ್ದಾರೆ, ದಯವಿಟ್ಟು ಬಿಡ್ಬೇಡಿ, ಇಡೀ ಆಟ ಅವುಗಳ ಮೇಲೆ ನಿಂತಿದೆ.

ರೋಮನ್ ಕಡೆ ಏಳು ಲೀಜನ್ (ಕಾಲಾಳುಗಳ ದೊಡ್ಡ ದಳ), ಒಂದೊಂದರಲ್ಲಿ ಕೋಹಾರ್ಟ್ ಅನ್ನೋ ಹತ್ತು ತುಕಡಿ, ಅಂದ್ರೆ 70 ಕೋಹಾರ್ಟ್. ನಾಲ್ಕು ಕೋಹಾರ್ಟ್‌ಗೆ ಒಂದು ಬೇಸ್ ಅಂದ್ರೆ 17 ಬೇಸ್. ಕುದುರೆ 4,000ಕ್ಕೆ 8 ಬೇಸ್, ಅದರಲ್ಲಿ 2 ಬೇಸ್ ಸೀಸರ್ ಕಳಿಸಿದ್ದ ಗಾಲ್ (ಈಗಿನ ಫ್ರಾನ್ಸ್ ಕಡೆಯ) ಸವಾರರು, ಅವರ ಬಣ್ಣ ಬೇರೆ ಇರ್ಲಿ. ಲೈಟ್ ಕಾಲಾಳು 4 ಬೇಸ್, ಅದರಲ್ಲಿ 1 ಬಿಲ್ಲುಗಾರರದ್ದು. ನಾಯಕರು ರೋಮನ್ ಕಡೆ ಮೂವರು: ಕ್ರಾಸಸ್, ಅವನ ಮಗ ಪಬ್ಲಿಯಸ್, ಕ್ರಾಸಸ್ ಕೈಕೆಳಗಿನ ಅಧಿಕಾರಿ ಕ್ಯಾಸಿಯಸ್. ಪಾರ್ಥಿಯನ್ ಕಡೆ ಸುರೇನ ಒಬ್ಬನೇ.

15 ಮಿಮೀ ಗಾತ್ರದಲ್ಲಿ (ನಿಂತ ಗೊಂಬೆ ಎತ್ತರ ಸುಮಾರು ಅಷ್ಟು) ಹಾರ್ಸ್ ಆರ್ಚರ್ ಬೇಸ್‌ಗೆ 2, ಕ್ಯಾಟಫ್ರಾಕ್ಟ್ ಮತ್ತು ರೋಮನ್ ಕುದುರೆಗೆ 3, ಲೀಜನ್‌ಗೆ 4, ಲೈಟ್ ಕಾಲಾಳಿಗೆ 2 ಗೊಂಬೆ ಅಂತ ಹಾಕಿದ್ರೆ ಎಲ್ಲಾ ಸೇರಿ ಸುಮಾರು 150 ಆಗತ್ತೆ. 28 ಮಿಮೀನಲ್ಲಿ ಮಾಡೋ ಆಸೆ ಇರೋರು ಒಂದ್ಸಲ ಕುದುರೆಗಳ ಬೆಲೆ ಕೂಡಿಸಿ ನೋಡಿ, ಆಮೇಲೆ ಅಂಚೆ ಖರ್ಚು ಮತ್ತು ಕಸ್ಟಮ್ಸ್ ಕೂಡ ಸೇರ್ಸಿ. ಇನ್ನೂ ಕಮ್ಮಿಯಲ್ಲಿ ಆಗ್ಬೇಕು ಅಂದ್ರೆ ಕುದುರೆ ಚಿತ್ರನ ನೀವೇ ಬರೆದು ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕ್ಸಿ ಬೇಸ್‌ಗೆ ಅಂಟಿಸಿ ಆಡಿ. ಮೊದಲ ಎರಡು ಆಟ ನಾವು ಹಾಗೇ ಆಡಿದ್ದು, ಆಟದಲ್ಲಿ ಏನೂ ಕಮ್ಮಿ ಆಗ್ಲಿಲ್ಲ.

## 2. ಬೇಸ್ ಮತ್ತು ಬಣ್ಣ

ಎಲ್ಲಾ ಬೇಸ್ 40 ಮಿಮೀ ಅಗಲ ಇರ್ಲಿ, 15 ಮಿಮೀನಲ್ಲಿ ಡಿಬಿಎ ಅನ್ನೋ ಹೆಸರಾದ ಮಿನಿಯೇಚರ್ ಯುದ್ಧದ ರೂಲ್ಸ್‌ನಲ್ಲಿ ಆಡೋರ ಅಳತೆ ಅದೇ, ಮುಂದೆ ಯಾರ ಜೊತೆಗಾದ್ರೂ ಆಡ್ಬಹುದು. ಆಳ ಕಾಲಾಳಿಗೆ 20, ಕುದುರೆಗೆ 30. 2 ಮಿಮೀ ಎಂಡಿಎಫ್ ಶೀಟ್ ಲೇಸರ್ ಕಟ್ ಮಾಡೋರ ಹತ್ರ ಕತ್ತರಿಸ್ಕೊಂಡ್ರೆ ಎಲ್ಲಾ ಒಂದೇ ಸಮ ಬರತ್ತೆ, ಕೈಯಲ್ಲಿ ಕತ್ತರಿಸಿದ್ರೆ ರೋಮನ್ ಬೇಸ್‌ಗಳನ್ನ ಸೇರಿಸಿ ಚೌಕ ಕಟ್ಟೋವಾಗ ಮೂಲೆ ಕೂಡಲ್ಲ. ಕರಾವಳಿ ಮಲೆನಾಡು ಕಡೆಯೋರು ಎಂಡಿಎಫ್‌ನ ಎರಡೂ ಬದಿಗೆ ಪ್ರೈಮರ್ ಹೊಡೀರಿ, ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ಬಾಗತ್ತೆ. ಸ್ಪ್ರೇ ಪ್ರೈಮರ್‌ನ ಮಳೆ ಸುರಿಯೋ ದಿನ ಮುಟ್ಲೇಬೇಡಿ, ತೇವಕ್ಕೆ ಬೆಳ್ಳಗೆ ಮಂಜು ಕೂತಂಗೆ ಆಗತ್ತೆ.

ಕ್ಯಾಟಫ್ರಾಕ್ಟ್ ಬಣ್ಣದಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಸೀದಾ ಬೆಳ್ಳಿ ಬಣ್ಣ ಬಳಿಯೋದು. ಕವಚದ ಚಕ್ಕೆ ಚಕ್ಕೆ ಎಲ್ಲಾ ಮುಚ್ಚೋಗಿ ತಗಡಿನ ಡಬ್ಬ ಥರ ಕಾಣ್ಸತ್ತೆ. ಮೊದಲು ಪೂರ್ತಿ ಕಪ್ಪು. ಅದು ಒಣಗಿದ ಮೇಲೆ ಚಪ್ಪಟೆ ಬ್ರಶ್‌ಗೆ ಬೆಳ್ಳಿ ಬಣ್ಣ ತಗೊಂಡು ಹಳೇ ಬಟ್ಟೆಗೆ ಒರೆಸಿ ಒರೆಸಿ, ಬ್ರಶ್‌ನಲ್ಲಿ ಬಣ್ಣ ಇದೆಯೋ ಇಲ್ವೋ ಅನ್ನೋವಷ್ಟು ಆದಾಗ ಕವಚದ ಮೇಲೆ ಮೇಲಿಂದ ಕೆಳಕ್ಕೆ ಹಗುರಾಗಿ ಸವರಿ. ಚಕ್ಕೆಗಳ ತುದಿಗೆ ಮಾತ್ರ ಬೆಳ್ಳಿ ಹಿಡಿಯತ್ತೆ, ಸಂದಿನಲ್ಲಿ ಕಪ್ಪು ಉಳಿಯತ್ತೆ. ಕುದುರೆ ಕವಚ ಕಂಚು ಮತ್ತು ಕಬ್ಬಿಣ ಎರಡೂ ಇತ್ತಂತೆ, ಹಾಗಾಗಿ ಒಂದು ಬೇಸ್‌ನಲ್ಲಿ ಒಂದಾದ್ರೂ ಕುದುರೆಗೆ ಬೆಳ್ಳಿ ಬದ್ಲು ಕಂಚಿನ ಬಣ್ಣ ಸವರಿ, ಬಿಸಿಲಿಗೆ ಹಿಡಿದು ನೋಡಿದ್ರೆ ಗುಂಪು ಜೀವ ಬಂದಂಗೆ ಕಾಣ್ಸತ್ತೆ.

ಈಟಿ ಇನ್ನೊಂದು ತಲೆನೋವು. ಗೊಂಬೆ ಜೊತೆ ಎರಕ ಹೊಯ್ದು ಬರೋ ಈಟಿ ಎರಡು ಆಟಕ್ಕೆ ಬಾಗಿ ಮೂರನೇದಕ್ಕೆ ಮುರಿಯತ್ತೆ. ಅದನ್ನ ಕತ್ತರಿಸಿ ಹಾಕಿ, ಕೈ ಜಾಗದಲ್ಲಿ ಸಣ್ಣ ಡ್ರಿಲ್‌ನಿಂದ ತೂತು ಮಾಡಿ 4 ಸೆಂಮೀ ಉದ್ದದ ಸಣ್ಣ ಸ್ಟೀಲ್ ತಂತಿ ಸೇರ್ಸಿ. ನಿಜವಾದ ಈಟಿ ಸುಮಾರು 4 ಮೀಟರ್ ಇತ್ತು, ಈ ಗಾತ್ರಕ್ಕೆ 4 ಸೆಂಮೀ ಸರಿಹೋಗತ್ತೆ. ತುದಿ ಚೂಪು ಬಿಡ್ಬೇಡಿ, ಮಕ್ಕಳಿರೋ ಮನೆ ಆದ್ರಂತೂ ಅರ ಹಾಕಿ ಮೊಂಡು ಮಾಡಿ.

ಹಾರ್ಸ್ ಆರ್ಚರ್ ಕುದುರೆ 36 ಇರತ್ತೆ, ಒಂದೊಂದನ್ನೇ ಮುಗಿಸ್ತೀನಿ ಅಂದ್ರೆ ಹತ್ತಕ್ಕೆ ಸಾಕಾಗತ್ತೆ. ಒಂಬತ್ತೊಂಬತ್ತು ಕುದುರೆ ಒಟ್ಟಿಗೆ ಕಡ್ಡಿಗೆ ಅಂಟಿಸಿ ಒಂದು ಗುಂಪು ಕಂದು, ಒಂದು ಕೆಂಗಂದು, ಒಂದು ಬೂದು, ಒಂದು ಕಪ್ಪು ಅಂತ ಮಾಡಿ, ಬೇಸ್ ಮೇಲೆ ಇಡೋವಾಗ ಕಲೆಸಿ.

## 3. ಟೇಬಲ್ ಬಯಲಾಗಿರ್ಲಿ, ಆದ್ರೆ ಒಂದು ದಿಬ್ಬ ಬೇಕು

180 × 120 ಸೆಂಮೀ ಜಾಗ ಬೇಕು. ಇದಕ್ಕಿಂತ ಚಿಕ್ಕದಾದ್ರೆ ಕುದುರೆ ಓಡೋಕೆ ಜಾಗ ಇಲ್ಲ, ಓಡೋಕೆ ಜಾಗ ಇಲ್ಲ ಅಂದ್ರೆ ಪಾರ್ಥಿಯನ್ ಸತ್ತ ಅಂತಾನೇ ಅರ್ಥ. ಬಿಸ್ಕೆಟ್ ಬಣ್ಣದ ದಪ್ಪ ಬಟ್ಟೆ ಹಾಸಿ, ಸಾಕು. ಮರ, ಮನೆ, ಬಂಡೆ ಏನೂ ಇಡ್ಬೇಡಿ. ಟೇಬಲ್ ಖಾಲಿ ಕಾಣತ್ತೆ ಅಂತ ಗುಡ್ಡ ತಂದಿಡೋರಿಂದಾನೇ ಅರ್ಧ ಆಟ ಹಾಳಾಗೋದು, ಯಾಕಂದ್ರೆ ರೋಮನ್ ಆಡೋನು ಬೆನ್ನಿಗೆ ಆ ಗುಡ್ಡ ಮಾಡ್ಕೊಂಡು ಕೂರ್ತಾನೆ.

ಒಂದೇ ಒಂದು ದಿಬ್ಬ ಮಾತ್ರ ಇರ್ಬೇಕು, ಥರ್ಮಾಕೋಲ್‌ನಲ್ಲಿ 15 ಸೆಂಮೀ ಅಗಲ 2 ಸೆಂಮೀ ಎತ್ತರ, ಮೇಲೆ ಫೆವಿಕಾಲ್ ಬಳಿದು ಸಣ್ಣ ಮರಳು ಉದುರಿಸಿ. ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದ್ರೆ ಕರಗಿಹೋಗತ್ತೆ, ಬ್ರಶ್‌ನಲ್ಲೇ ಬಳೀರಿ. ಇದನ್ನ ಮಧ್ಯದಿಂದ ಒಂದು 50 ಸೆಂಮೀ ದೂರದಲ್ಲಿ ಇಡಿ. ಇದು ಯಾಕೆ ಬೇಕು ಅಂತ 8ನೇ ಹಂತದಲ್ಲಿ ಹೇಳ್ತೀನಿ.

ಅಂಚಿನ ರೂಲ್ ಈಗ್ಲೇ ಬರ್ಕೊಳ್ಳಿ: ಟೇಬಲ್ ಅಂಚು ದಾಟಿದ ಪಾರ್ಥಿಯನ್ ಕುದುರೆ ಸತ್ತಿಲ್ಲ, ಎರಡು ಟರ್ನ್ ಆದ್ಮೇಲೆ ಅದೇ ಅಂಚಿಂದ ವಾಪಸ್ ಬರತ್ತೆ. ಮಾಮೂಲಿ ರೂಲ್ಸ್‌ಗಳಲ್ಲಿ ಅಂಚು ದಾಟಿದ್ರೆ ಔಟ್ ಅಂತಿರತ್ತೆ, ಅದನ್ನೇ ಇಟ್ಕೊಂಡು ಕಾರ್ಹೆ ಆಡಿದವ್ರೆಲ್ಲ ರೋಮನ್ನರೇ ಗೆಲ್ತಾರೆ ಕಣ್ರೀ ಅಂತ ದೂರ್ತಾರೆ.

## 4. ಬಾಣಕ್ಕೆ ಲೆಕ್ಕ ಇಡಿ

ಇಲ್ಲಿ ನಿಧಾನವಾಗಿ ಓದಿ. ಪ್ರತಿ ಹಾರ್ಸ್ ಆರ್ಚರ್ ಬೇಸ್ ಹಿಂದೆ ಟೂತ್‌ಪಿಕ್ ಮುರಿದ ಮೂರು ತುಂಡು ಇಡಿ, ಒಟ್ಟು 54 ತುಂಡು. ಒಂದ್ಸಲ ಬಾಣ ಬಿಟ್ರೆ ಒಂದು ತುಂಡು ತೆಗೀಬೇಕು. ಮೂರೂ ಮುಗಿದ್ರೆ ಆ ಬೇಸ್ ಬಾಣ ಬಿಡೋ ಹಾಗಿಲ್ಲ, ಒಂಟೆ ಬೇಸ್ ಪಕ್ಕಕ್ಕೆ ಹೋಗಿ ಆ ಟರ್ನ್ ಬಾಣ ಬಿಡದೆ ನಿಂತ್ರೆ ಮತ್ತೆ ಮೂರು ತುಂಡು. ಒಂದು ಒಂಟೆ ಬೇಸ್ ಒಂದು ಟರ್ನ್‌ಗೆ ಎರಡು ಬೇಸ್‌ಗೆ ಮಾತ್ರ ಬಾಣ ಕೊಡಬಹುದು.

ಒಂಟೆಗಳು 5ನೇ ಟರ್ನ್‌ಗೆ ಮೊದಲು ಟೇಬಲ್ ಮೇಲೆ ಬರಬಾರದು. ಕಾರಣ ಇದೆ. ಪಾರ್ಥಿಯನ್ನರ ಬಾಣ ಹೇಗಿದ್ರೂ ಖಾಲಿ ಆಗತ್ತೆ, ಆಮೇಲೆ ಹತ್ರ ಬಂದೇ ಬರ್ತಾರೆ ಇಲ್ಲಾ ಓಡಿಹೋಗ್ತಾರೆ ಅಂತ ರೋಮನ್ನರು ತಡ್ಕೊಂಡು ನಿಂತಿದ್ರು, ಬಾಣದ ಹೊರೆ ಹೊತ್ತ ಒಂಟೆಗಳು ಕಂಡು ಮುಂದಿನ ಸಾಲಿನೋರು ಸುತ್ತಿ ಬಂದು ತುಂಬಿಸ್ಕೋತಿದ್ದಾರೆ ಅಂತ ಗೊತ್ತಾದ ಮೇಲೇನೇ ಕ್ರಾಸಸ್ ಧೈರ್ಯ ಕಳ್ಕೊಂಡಿದ್ದು. ಆ ಕಾಯೋದು, ಆಮೇಲೆ ಆ ಒಂಟೆ ಕಾಣೋದು, ಎರಡೂ ನಿಮ್ಮ ಟೇಬಲ್ ಮೇಲೆ ಆಗ್ಬೇಕು.

ಅಪಾಯದ ಸೂಚನೆ: ರೋಮನ್ ಆಡೋನು ಟೂತ್‌ಪಿಕ್ ಎಣಿಸ್ತಾ ಇಲ್ಲ ಅಂದ್ರೆ ಅವನಿಗೆ ಆಟ ಅರ್ಥ ಆಗಿಲ್ಲ. ಆಟ ನಿಲ್ಸಿ, ಈ ಹಂತ ಇನ್ನೊಂದ್ಸಲ ಓದಿ ಹೇಳಿ.

## 5. ನಡೆ, ಬಾಣ, ಕೈಕೈ ಮಿಲಾಯಿಸೋದು

ಒಂದು ಟರ್ನ್‌ನ ಕ್ರಮ: ರೋಮನ್ ನಡೆ, ಅವರು ಮೇಲೆ ಬಿದ್ರೆ ಪಾರ್ಥಿಯನ್ ತಪ್ಪಿಸ್ಕೊಳ್ಳೋದು, ಪಾರ್ಥಿಯನ್ ನಡೆ, ಬಾಣ, ಕಾಳಗ, ಕೊನೇಗೆ ನಾಯಕರು ಹಿಟ್ (ಬೇಸ್ ಮೇಲೆ ಬಿದ್ದ ಏಟು) ತೆಗೆಯೋದು. ಈ ಕ್ರಮ ಅದಲು ಬದಲು ಮಾಡ್ಬೇಡಿ. ಬಾಣನ ನಡೆಗಿಂತ ಮುಂಚೆ ಇಟ್ರೆ ಪಾರ್ಥಿಯನ್ ಹತ್ರ ಬಂದು ನಿಂತು ಕಾಯಬೇಕಾಗತ್ತೆ, ಅಷ್ಟರಲ್ಲಿ ರೋಮನ್ ಕುದುರೆ ಬಂದು ಬಡಿಯತ್ತೆ.

ನಡೆ ಸೆಂಮೀನಲ್ಲಿ: ಹಾರ್ಸ್ ಆರ್ಚರ್ 30, ರೋಮನ್ ಮತ್ತು ಗಾಲ್ ಕುದುರೆ 25, ಕ್ಯಾಟಫ್ರಾಕ್ಟ್ 20, ಲೈಟ್ ಕಾಲಾಳು ಮತ್ತು ಒಂಟೆ 15, ಲೀಜನ್ ಬಿಡಿಯಾಗಿ 10, ಚೌಕದಲ್ಲಿ 5. ಗುರಾಣಿ ಮುಚ್ಕೊಂಡು ಆಮೆ ಕಟ್ಟಿದ್ರೆ ನಡೆಯೇ ಇಲ್ಲ.

ಬಾಣ 12 ಸೆಂಮೀ ದೂರ ಹೋಗತ್ತೆ, ಎರಡೂ ಕಡೆ ಬಿಲ್ಲಿಗೆ ಅಷ್ಟೇ. ಬೇಸ್‌ಗೆ ಒಂದು ಡೈಸ್, 5 ಅಥವಾ 6 ಬಿದ್ರೆ ಒಂದು ಹಿಟ್. ಆಮೆ ಕಟ್ಟಿದೋರ ಮೇಲೆ 6 ಮಾತ್ರ, ಕ್ಯಾಟಫ್ರಾಕ್ಟ್ ಮೇಲೂ 6 ಮಾತ್ರ. ಲೀಜನ್ ಮತ್ತು ಕ್ಯಾಟಫ್ರಾಕ್ಟ್ 4 ಹಿಟ್‌ಗೆ ಹೋಗತ್ತೆ, ರೋಮನ್ ಕುದುರೆ 3ಕ್ಕೆ, ಹಾರ್ಸ್ ಆರ್ಚರ್ ಮತ್ತು ಲೈಟ್ ಕಾಲಾಳು 2ಕ್ಕೆ. ಒಂಟೆಯನ್ನ ರೋಮನ್ನರು ಮುಟ್ಟಿದ್ರೆ ಸಾಕು, ಅವರ ಪಾಲು. 18 ಬೇಸ್ ಒಟ್ಟಿಗೆ ಬಿಟ್ರೆ ಸರಾಸರಿ 6 ಹಿಟ್ ಬರತ್ತೆ ಅಂತ ತಲೇಲಿಟ್ಕೊಳ್ಳಿ. ಹಿಟ್ ಗುರುತಿಗೆ ಕೆಂಪು ಮಣಿ ಬಳಸ್ತೀವಿ, ಬಳೆ ಅಂಗಡೀಲಿ ಸಿಗತ್ತೆ.

ಕಾಳಗದಲ್ಲಿ ಎರಡೂ ಕಡೆ ಒಂದೊಂದು ಡೈಸ್ ಹಾಕಿ, ಅದಕ್ಕೆ ಬಲ ಸೇರ್ಸಿ: ಕ್ಯಾಟಫ್ರಾಕ್ಟ್ 5, ಲೀಜನ್ 4, ಗಾಲ್ 3, ಉಳಿದ ರೋಮನ್ ಕುದುರೆ 2, ಮಿಕ್ಕಿದ್ದೆಲ್ಲ 1. ಲೀಜನ್‌ಗೆ ಎಡಗಡೆ ಬಲಗಡೆ ಅಂಟಿಕೊಂಡ ಸ್ನೇಹಿತ ಬೇಸ್ ಒಂದೊಂದಕ್ಕೂ 1 ಜಾಸ್ತಿ. ತನ್ನ ಮೇಲಿರೋ ಹಿಟ್ ಒಂದೊಂದಕ್ಕೂ 1 ಕಮ್ಮಿ. ಎದುರಿಗಿರೋನ ಮೇಲೆ 2 ಹಿಟ್ ಇದ್ರೆ ನುಗ್ಗೋ ಕ್ಯಾಟಫ್ರಾಕ್ಟ್‌ಗೆ 1 ಜಾಸ್ತಿ. 1, 2 ವ್ಯತ್ಯಾಸದಲ್ಲಿ ಸೋತೋನಿಗೆ ಒಂದು ಹಿಟ್, 3 ಅಥವಾ ಮೇಲಾದ್ರೆ ಎರಡು, ಜೊತೆಗೆ 3 ಸೆಂಮೀ ಹಿಂದೆ.

ಒಂದು ಲೆಕ್ಕ ಹಾಕಿ ನೋಡಿ. ಹೊಸದಾಗಿ ನಿಂತ ಚೌಕದ ಲೀಜನ್ ಅಂದ್ರೆ 4 ಜೊತೆ ಅಕ್ಕಪಕ್ಕದ 2, ಒಟ್ಟು 6. ಕ್ಯಾಟಫ್ರಾಕ್ಟ್ 5. ನುಗ್ಗಿದೋನೇ ಸೋಲೋ ಸಾಧ್ಯತೆ ಜಾಸ್ತಿ. ಅದೇ ಲೀಜನ್ ಮೇಲೆ 2 ಹಿಟ್ ಬಿದ್ದಿದ್ರೆ ಅದು 4ಕ್ಕೆ ಇಳಿಯತ್ತೆ, ಕ್ಯಾಟಫ್ರಾಕ್ಟ್ 6ಕ್ಕೆ ಏರತ್ತೆ. ಆ ಎರಡು ಹಿಟ್ ಹಾಕೋದೇ ಹಾರ್ಸ್ ಆರ್ಚರ್ ಕೆಲಸ.

ತಪ್ಪಿಸ್ಕೊಳ್ಳೋದಕ್ಕೆ ಒಂದು ಡೈಸ್, 1 ಬಿದ್ರೆ ಸಿಕ್ಕಿಬಿದ್ದ ಹಾಗೆ, ಬೇರೆ ಏನೇ ಬಿದ್ರೂ 30 ಸೆಂಮೀ ಓಡಬಹುದು, ಓಡ್ತಾ ಹಿಂದಕ್ಕೆ ತಿರುಗಿ ಒಂದು ಬಾಣನೂ ಬಿಡಬಹುದು, ಅದಕ್ಕೆ 6 ಬೇಕು, ಟೂತ್‌ಪಿಕ್ ತುಂಡು ಒಂದು ಹೋಗತ್ತೆ.

## 6. ಸೈನ್ಯ ನಿಲ್ಸೋದು: ಮುಚ್ಚಿಡೋದನ್ನ ಮುಚ್ಚಿಡಿ

ಸುರೇನ ತನ್ನ ಮುಖ್ಯ ಸೈನ್ಯನ ಮುಂದಿನ ಗುಂಪಿನ ಹಿಂದೆ ಅಡಗಿಸಿಟ್ಟಿದ್ದ, ಕವಚದ ಹೊಳಪು ಕಾಣಬಾರದು ಅಂತ ಮೇಲೆ ಚರ್ಮ, ಬಟ್ಟೆ ಹೊದಿಸಿದ್ದ. ರೋಮನ್ನರಿಗೆ ಮೊದಲು ಕಂಡಿದ್ದು ಅಂಥ ದೊಡ್ಡ ಸೈನ್ಯ ಏನಲ್ಲ. ಇದನ್ನ ಟೇಬಲ್ ಮೇಲೆ ಮಾಡೋದು ತುಂಬಾ ಸುಲಭ. ಹಳೇ ಕಂದು ಬಟ್ಟೆನ ಬೇಸ್‌ಗಿಂತ ಸ್ವಲ್ಪ ದೊಡ್ಡದಾಗಿ 8 ತುಂಡು ಕತ್ತರಿಸಿ. 4 ಕ್ಯಾಟಫ್ರಾಕ್ಟ್ ಮೇಲೆ ಹೊದಿಸಿ, ಇನ್ನು 4 ಖಾಲಿ ಬೇಸ್ ಮೇಲೆ ಏನಾದ್ರೂ ಉಬ್ಬು ಇಟ್ಟು ಹೊದಿಸಿ. ಮೊದಲ ಟರ್ನ್‌ಗೆ ಟೇಬಲ್ ಮೇಲೆ 6 ಹಾರ್ಸ್ ಆರ್ಚರ್ ಮತ್ತು ಈ 8 ಮುಚ್ಚಿದ ಬೇಸ್ ಮಾತ್ರ. ಉಳಿದ 12 ಹಾರ್ಸ್ ಆರ್ಚರ್ ಎರಡನೇ ಟರ್ನ್‌ಗೆ ಬರತ್ತೆ. ಬಟ್ಟೆ ತೆಗೆಯೋದು ಪಾರ್ಥಿಯನ್ ಇಷ್ಟ, ಆದ್ರೆ ತೆಗೆಯೋ ಟರ್ನ್‌ನಲ್ಲೇ ನುಗ್ಗೋ ಹಾಗಿಲ್ಲ.

ರೋಮನ್ ಕಡೆ ಚೌಕದಲ್ಲೇ ಶುರು ಮಾಡಿಸ್ಬೇಡಿ, ಇದು ಬಹಳ ಜನ ಮಾಡೋ ತಪ್ಪು. ಕ್ರಾಸಸ್ ಮೊದಲು ಕ್ಯಾಸಿಯಸ್ ಮಾತು ಕೇಳಿ ಉದ್ದಕ್ಕೆ ಸಾಲು ಹರಡಿ, ರೆಕ್ಕೆಗಳಿಗೆ ಕುದುರೆ ಹಂಚಿದ್ದ, ಆಮೇಲೆ ಮನಸ್ಸು ಬದಲಾಯಿಸಿ ಚೌಕ ಕಟ್ಟಿದ. ಹಾಗಾಗಿ ರೋಮನ್ ಸಾಲಲ್ಲೇ ಶುರು ಮಾಡ್ಲಿ, ಚೌಕ ಕಟ್ಟೋಕೆ ಪೂರ್ತಿ ಎರಡು ಟರ್ನ್ ಹಿಡಿಯತ್ತೆ. ನಿಜವಾದ ಚೌಕಕ್ಕೆ ಬದಿಗೆ 12 ಕೋಹಾರ್ಟ್ ಇತ್ತು, ಒಂದೊಂದರ ಜೊತೆ ಒಂದು ಕುದುರೆ ತುಕಡಿ. ನಿಮ್ಮ ಟೇಬಲ್ ಮೇಲೆ ಬದಿಗೆ 3 ಲೀಜನ್, 2 ಕುದುರೆ, ಒಟ್ಟು 20 ಸೆಂಮೀ. ಉಳಿದ 5 ಲೀಜನ್, ಲೈಟ್ ಕಾಲಾಳು, ಸಾಮಾನು, ನಾಯಕರು ಒಳಗೆ.

## 7. ಪಾರ್ಥಿಯನ್ ಆಡೋರಿಗೆ

ಓಡೋದು ಕಲೀರಿ. ನಮ್ಮ ಗೇಮಿಂಗ್‌ನಲ್ಲಿ ಓಡೋದು ಅಂದ್ರೆ ಸೋಲು ಅನ್ನೋ ಅಭ್ಯಾಸ ಆಗಿಹೋಗಿದೆ, ಇಲ್ಲಿ ಓಡೋದೇ ಆಯುಧ. ಸುರೇನನ ಕಡೆಯೋರೂ ಮೊದಲು ಈಟಿ ಹಿಡಿದು ನುಗ್ಗೋ ಯೋಚನೆಯಲ್ಲೇ ಬಂದ್ರು, ರೋಮನ್ ಸಾಲಿನ ಆಳ ನೋಡಿ ಹಿಂದೆ ಸರಿದು, ಚದುರಿದ ಹಾಗೆ ಮಾಡಿ, ಗೊತ್ತಾಗೋ ಮೊದಲೇ ಚೌಕನ ಸುತ್ತುವರಿದ್ರು. ನಾಲ್ಕು ಕ್ಯಾಟಫ್ರಾಕ್ಟ್ ಇಟ್ಕೊಂಡು ಕೈ ಕಟ್ಟಿ ಕೂರೋದು ಕಷ್ಟ ಅಂತ ನಂಗೂ ಗೊತ್ತು, ಮೊದಲನೇ ಆಟದಲ್ಲಿ ಮೂರನೇ ಟರ್ನ್‌ಗೇ ನುಗ್ಗಿಸಿ ಮೂರು ಬೇಸ್ ಕಳ್ಕೊಂಡೆ, ಉಳಿದ ಒಂಬತ್ತು ಟರ್ನ್ ರೋಮನ್ ಚೌಕಕ್ಕೆ ಹೆದರಿಕೆ ಅನ್ನೋದೇ ಇರ್ಲಿಲ್ಲ.

18 ಬೇಸ್‌ನ ಆರಾರರ ಮೂರು ಗುಂಪು ಮಾಡಿ. ಎಲ್ಲಾ ಒಟ್ಟಿಗೆ ಮೂರನೇ ಟರ್ನ್‌ಗೆ ಬಾಣ ಶುರು ಮಾಡಿದ್ರೆ ಐದನೇ ಟರ್ನ್‌ಗೆ ಎಲ್ಲರದ್ದೂ ಒಟ್ಟಿಗೆ ಖಾಲಿ, ಆರನೇ ಟರ್ನ್ ಇಡೀ ಟೇಬಲ್ ಮೌನ, ಆಗ ರೋಮನ್ ಎದ್ದು ಬರ್ತಾನೆ. ಅದಕ್ಕೆ ಮೊದಲ ಗುಂಪು ಮೂರನೇ ಟರ್ನ್, ಎರಡನೇದು ನಾಲ್ಕನೇ ಟರ್ನ್, ಮೂರನೇದು ಐದನೇ ಟರ್ನ್‌ಗೆ ಶುರು ಮಾಡ್ಲಿ. ಯಾವತ್ತೂ ಒಂದು ಗುಂಪು ಒಂಟೆ ಹತ್ರ, ಎರಡು ಗುಂಪು ಚೌಕದ ಸುತ್ತ. ಒಂದು ಬೇಸ್‌ಗೆ ಇನ್ನೊಂದು ಬೇಸ್ ದಾರಿ ಅಡ್ಡ ಬರದ ಹಾಗೆ ನಡುವೆ ಒಂದು ಬೇಸ್ ಅಗಲ ಖಾಲಿ ಬಿಡಿ.

ಇಡೀ ಚೌಕದ ಮೇಲೆ ಬಾಣ ಹಂಚಬೇಡಿ. ಒಂದು ಮೂಲೆ ಆರಿಸಿ, ಅಲ್ಲಿರೋ ಎರಡು ಲೀಜನ್ ಮೇಲೆ ಎರಡೆರಡು ಹಿಟ್ ಬೀಳೋವರೆಗೂ ಬಿಡಬೇಡಿ, ಬಿದ್ದ ಮರು ಟರ್ನ್ ನಾಲ್ಕೂ ಕ್ಯಾಟಫ್ರಾಕ್ಟ್ ಒಟ್ಟಿಗೆ ಅಲ್ಲಿಗೆ. ಒಂದೊಂದಾಗಿ ಕಳಿಸೋದು ತಪ್ಪು.

ಅಪಾಯದ ಸೂಚನೆ: ನಿಮ್ಮ ಹಾರ್ಸ್ ಆರ್ಚರ್ ಬೆನ್ನ ಹಿಂದೆ 30 ಸೆಂಮೀ ಖಾಲಿ ಜಾಗ ಇಲ್ಲ, ಅಥವಾ ಒಂಟೆ ಚೌಕದಿಂದ 35 ಸೆಂಮೀ ಒಳಗೆ ಬಂದಿದೆ ಅಂದ್ರೆ ಮೊದಲು ಅದನ್ನ ಸರಿಪಡಿಸಿ.

## 8. ರೋಮನ್ ಆಡೋರಿಗೆ, ಮತ್ತು ಪಬ್ಲಿಯಸ್ ವಿಷಯ

ಚೌಕದಲ್ಲಿ ಕೂತು ಏನು ಮಾಡೋದು ಅನ್ನೋರಿಗೆ ಕೆಲಸ ಬೇಕಾದಷ್ಟಿದೆ. ಚೌಕದಲ್ಲಿರೋ ನಾಯಕ ಒಂದು ಬೇಸ್ ಮುಟ್ಕೊಂಡಿದ್ರೆ ಟರ್ನ್ ಕೊನೇಗೆ ಡೈಸ್ ಹಾಕಿ 4 ಅಥವಾ ಮೇಲೆ ಬಿದ್ರೆ ಅದರ ಒಂದು ಹಿಟ್ ತೆಗೀಬಹುದು. ಒಳಗಿರೋ ಹೊಸ ಲೀಜನ್‌ನ ಹೊರಗಿನ ಸುಸ್ತಾದ ಲೀಜನ್ ಜೊತೆ ಬದಲಾಯಿಸ್ಬಹುದು, ಟರ್ನ್‌ಗೆ ಒಂದು. ಎರಡು ಹಿಟ್ ಬಿದ್ದ ಬೇಸ್ ಮೂಲೆಯಲ್ಲಿ ಉಳಿಯದ ಹಾಗೆ ನೋಡ್ಕೊಳ್ಳೋದೇ ನಿಮ್ಮ ಮೊದಲ ಕೆಲಸ. ಲೈಟ್ ಕಾಲಾಳನ್ನ ಹೊರಗೆ ಓಡಿಸಿ ಹಾರ್ಸ್ ಆರ್ಚರ್ ಓಡಿಸ್ತೀನಿ ಅನ್ಬೇಡಿ, ಕ್ರಾಸಸ್ ಅದನ್ನೇ ಮಾಡ್ದ, ಅವರು ಬಾಣದ ಮಳೆಗೆ ವಾಪಸ್ ಚೌಕದೊಳಗೇ ನುಗ್ಗಿ ಉಳಿದೋರ ಧೈರ್ಯನೂ ಕೆಡಿಸಿದ್ರು. ಆಮೆ ಕಟ್ಟೋದು ಕ್ಯಾಟಫ್ರಾಕ್ಟ್ ದೂರ ಇದ್ದಾಗ ಮಾತ್ರ, ಯಾಕಂದ್ರೆ ಆಮೆ ಕಟ್ಟಿದೋರಿಗೆ ಕಾಳಗದಲ್ಲಿ 2 ಕಮ್ಮಿ.

ಇನ್ನು ಪಬ್ಲಿಯಸ್. ನಿಜವಾಗಿ ಅವನು ತಗೊಂಡು ಹೋಗಿದ್ದು 1,300 ಕುದುರೆ, ಅದರಲ್ಲಿ 1,000 ಗಾಲ್, 500 ಬಿಲ್ಲುಗಾರರು, ಎಂಟು ಕೋಹಾರ್ಟ್. ನಿಮಗೆ ಅದು 2 ಗಾಲ್, 1 ರೋಮನ್ ಕುದುರೆ, 1 ಬಿಲ್ಲುಗಾರ, 2 ಲೀಜನ್. 4ನೇ ಟರ್ನ್ ಆದ್ಮೇಲೆ ಯಾವಾಗ ಬೇಕಾದ್ರೂ ಹೊರಡಬಹುದು, ಹೊರಡದೇನೂ ಇರಬಹುದು. ಹೊರಡೋಕೆ ಆಸೆ ಹುಟ್ಟಿಸೋದು ಒಂಟೆ: ಹಿಡಿದ ಒಂಟೆ ಒಂದೊಂದಕ್ಕೂ ಕೊನೇ ಲೆಕ್ಕದಲ್ಲಿ ರೋಮನ್‌ಗೆ 1 ಪಾಯಿಂಟ್, ಅದಕ್ಕಿಂತ ಹೆಚ್ಚಾಗಿ ಪಾರ್ಥಿಯನ್ ಬಾಣ ಅಲ್ಲಿಗೆ ನಿಲ್ಲತ್ತೆ.

ನಮ್ಮ ಮೂರನೇ ಆಟದಲ್ಲಿ ಪಬ್ಲಿಯಸ್‌ನ ಆಡಿದ್ದು ನಮ್ಮ ಚಿಕ್ಕಪ್ಪನ ಮಗ. ಏಳನೇ ಟರ್ನ್, ಎದುರಿಗಿದ್ದ ಗುಂಪಿನ ಟೂತ್‌ಪಿಕ್ ಎಲ್ಲಾ ಖಾಲಿ. "ಅಣ್ಣಾ, ಇವ್ರ ಹತ್ರ ಬಾಣ ಇಲ್ಲ, ಈಗ್ಲೇ ಹೋಗ್ತೀನಿ" ಅಂತ ಮೂರು ಕುದುರೆ ಬೇಸ್‌ನ 25 ಸೆಂಮೀ ಪೂರ್ತಿ ತಳ್ಳಿದ. ನನ್ನ ಆರೂ ಬೇಸ್ ಓಡಿತು, ಅವನು ಮರು ಟರ್ನ್ ಇನ್ನೂ 25. ಅವನ ಲೀಜನ್ ಬರೀ 10 ಹತ್ತರಂತೆ ಹಿಂದೆ ಉಳೀತು, ಎರಡು ಟರ್ನ್‌ಗೆ ಕುದುರೆಗೂ ಕಾಲಾಳಿಗೂ 30 ಸೆಂಮೀ ಅಂತರ. ಆಗ ನಾನು ಹತ್ತಿ ತಗೊಂಡು ಧೂಳು ಅಂತ ಅವನ ಕುದುರೆ ಸುತ್ತ ಇಟ್ಟೆ, ಕ್ಯಾಟಫ್ರಾಕ್ಟ್ ಮುಂದೆ ಬಂತು, ಇನ್ನೊಂದು ಗುಂಪು ಬಾಣ ತುಂಬಿಸ್ಕೊಂಡು ಹಿಂದಿಂದ ಬಂತು. ಅವನು ಕೈಲಿದ್ದ ಗಾಲ್ ಬೇಸ್‌ನ ಎಲ್ಲಿಡೋದು ಅಂತ ಗೊತ್ತಾಗ್ದೆ ಟೇಬಲ್ ಮೇಲೆ ಎತ್ತಿ ಹಿಡ್ಕೊಂಡೇ ನಿಂತಿದ್ದ, ಆಮೇಲೆ ದಿಬ್ಬದ ಮೇಲೆ ಇಟ್ಟ.

ದಿಬ್ಬ ಯಾಕೆ ಬೇಕು ಅಂದ್ರೆ ಇದಕ್ಕೇ. ಪಬ್ಲಿಯಸ್‌ನ ಜನ ಗಾಯಾಳುಗಳನ್ನ ಕರ್ಕೊಂಡು ಮರಳು ದಿಬ್ಬ ಹತ್ತಿದ್ರು, ಆದ್ರೆ ಇಳಿಜಾರಿನಲ್ಲಿ ಹಿಂದಿನ ಸಾಲು ಮುಂದಿನ ಸಾಲಿಗಿಂತ ಎತ್ತರಕ್ಕೆ ಬಂದು ಯಾರೂ ಮರೆಯಾಗ್ಲಿಲ್ಲ, ಎಲ್ಲರೂ ಬಾಣಕ್ಕೆ ಸಿಕ್ಕಿದ್ರು. ರೂಲ್: ದಿಬ್ಬದ ಮೇಲಿರೋರಿಗೆ 4, 5, 6 ಮೂರೂ ಹಿಟ್. ಬೇರೆ ಆಟಗಳಲ್ಲಿ ಎತ್ತರ ಅಂದ್ರೆ ಲಾಭ ಅಂತ ಕಲಿತಿರ್ತೀವಲ್ಲ, ಇಲ್ಲಿ ಅದು ಉಲ್ಟಾ, ಆಟಕ್ಕೆ ಮುಂಚೇನೇ ಇಬ್ಬರಿಗೂ ಇದನ್ನ ಹೇಳ್ಬಿಡಿ, ಬಚ್ಚಿಟ್ಟು ಗೆಲ್ಲೋದು ಸರಿಯಲ್ಲ.

ಗಾಲ್ ಸವಾರರಿಗೆ ಒಂದು ವಿಶೇಷ ರೂಲ್ ಕೊಡಿ. ಮೈಮೇಲೆ ಹೆಚ್ಚು ಕವಚ ಇಲ್ದಿದ್ರೂ ಅವರು ಪಾರ್ಥಿಯನ್ ಈಟಿಗಳನ್ನೇ ಕೈಯಲ್ಲಿ ಹಿಡಿದು ಸವಾರರನ್ನ ಕೆಳಗೆಳೆದು, ಇಳಿದು ಕುದುರೆ ಹೊಟ್ಟೆ ಕೆಳಗೆ ನುಗ್ಗಿ ಇರಿದಿದ್ದಾರೆ. ಕ್ಯಾಟಫ್ರಾಕ್ಟ್ ಮೊದಲ ಏಟಿಗೇ ಗೆಲ್ಲದಿದ್ರೆ ಮುಂದಿನ ಟರ್ನ್ ಗಾಲ್‌ಗೆ 2 ಜಾಸ್ತಿ. ಈ ರೂಲ್ ಇಲ್ದಿದ್ರೆ ಪಬ್ಲಿಯಸ್ ಹೊರಡೋದು ಬರೀ ಆತ್ಮಹತ್ಯೆ ಆಗತ್ತೆ, ಯಾರೂ ಹೊರಡಲ್ಲ.

ಸರಿಯಾಗಿ ಹೊರಡೋ ರೀತಿ: ಕುದುರೆನ ಲೀಜನ್ ಮುಂದೆ 10 ಸೆಂಮೀಗಿಂತ ದೂರ ಬಿಡಬೇಡಿ, ಒಂಟೆ ಕಡೆಗೇ ಹೋಗಿ, ಓಡ್ತಿರೋ ಹಾರ್ಸ್ ಆರ್ಚರ್ ಹಿಂದೆ ಅಲ್ಲ, ಎರಡು ಒಂಟೆ ಸಿಕ್ಕ ತಕ್ಷಣ ವಾಪಸ್. ಪಬ್ಲಿಯಸ್ ಗುಂಪು ಪೂರ್ತಿ ನಾಶ ಆದ್ರೆ ಅವನ ತಲೆನ ಈಟಿಗೆ ಚುಚ್ಚಿ ಚೌಕಕ್ಕೆ ತೋರಿಸಿದ್ರಲ್ಲ, ಅದಕ್ಕೆ ಮುಂದಿನ ಎರಡು ಟರ್ನ್ ರೋಮನ್ ನಾಯಕರು ಹಿಟ್ ತೆಗೆಯೋ ಹಾಗಿಲ್ಲ.

## 9. ಕತ್ತಲಾಗೋದು ಮತ್ತು ಪಾಯಿಂಟ್

12ನೇ ಟರ್ನ್ ಮುಗಿದ್ರೆ ಕತ್ತಲು. ಪಾರ್ಥಿಯನ್ನರು ರಾತ್ರಿ ಕಾದಾಡ್ಲಿಲ್ಲ, ದೂರ ಹೋಗಿ ಬಿಡಾರ ಹಾಕಿದ್ರು, ರೋಮನ್ನರು ಗಾಯಗೊಂಡವರನ್ನ ಅಲ್ಲೇ ಬಿಟ್ಟು ಕಾರ್ಹೆ ಊರಿನ ಕಡೆ ಹೊರಟ್ರು. ಹಾಗಾಗಿ ಆಟದ ಪ್ರಶ್ನೆ ರೋಮನ್ ಗೆದ್ನಾ ಅಂತಲ್ಲ, ಕತ್ತಲಾಗೋವಾಗ ಅವನ ಹತ್ರ ಎಷ್ಟು ಉಳಿದಿದೆ ಅಂತ. ಇದನ್ನ ಮೊದಲೇ ಹೇಳಿದ್ರೆ ರೋಮನ್ ಆಡೋನ ಮುಖಾನೇ ಬದಲಾಗತ್ತೆ, ಅವನಿಗೆ ಗಡಿಯಾರ ಸ್ನೇಹಿತ ಅಂತ ಗೊತ್ತಾಗತ್ತೆ.

ಉಳಿದ ಲೀಜನ್ ಬೇಸ್ ಎಣಿಸಿ. ಹಿಡಿದ ಒಂಟೆಗೆ ಒಂದೊಂದು ಸೇರ್ಸಿ, ಪಾರ್ಥಿಯನ್ 3 ಕ್ಯಾಟಫ್ರಾಕ್ಟ್ ಕಳ್ಕೊಂಡಿದ್ರೆ ಇನ್ನೊಂದು ಸೇರ್ಸಿ, ಪಬ್ಲಿಯಸ್ ಸತ್ತಿದ್ರೆ ಒಂದು ಕಳೀರಿ. 10 ಅಥವಾ ಮೇಲಿದ್ರೆ ರೋಮನ್ ಗೆಲುವು, 7ರಿಂದ 9 ಸಮ, 6 ಅಥವಾ ಕಮ್ಮಿ ಆದ್ರೆ ಸುರೇನನ ಗೆಲುವು.

ಒಂದು ಆಟಕ್ಕೆ ಮೂರು ಗಂಟೆ ಇಟ್ಕೊಳ್ಳಿ. ಅದಕ್ಕಿಂತ ಜಾಸ್ತಿ ಹೋಗ್ತಿದೆ ಅಂದ್ರೆ ಪಾರ್ಥಿಯನ್ ಆಡೋನು 18 ಬೇಸ್‌ನ ಒಂದೊಂದಾಗಿ ಅಳೆದು ಅಳೆದು ನಡೆಸ್ತಿದ್ದಾನೆ, 12 ಮತ್ತು 30 ಸೆಂಮೀನ ಎರಡು ಕಡ್ಡಿ ಕತ್ತರಿಸಿ ಕೈಗೆ ಕೊಡಿ, ಟೇಪ್ ಎತ್ತಿಡಿ. ಅದೇ ವಾರ ಇನ್ನೊಂದ್ಸಲ ಕೂತು ಕಡೆ ಬದಲಾಯಿಸ್ಕೊಂಡು ಆಡಿ, ಚೌಕದೊಳಗೆ ಕೂತು ಟೂತ್‌ಪಿಕ್ ಎಣಿಸಿದೋನು ಮುಂದಿನ ಸಲ ಬಾಣನ ಮೂರು ಗುಂಪಾಗಿ ಹಂಚೋದು ತಾನಾಗೇ ಮಾಡ್ತಾನೆ. ಆಟ ಮುಗಿದ್ಮೇಲೆ ಕ್ಯಾಟಫ್ರಾಕ್ಟ್‌ಗಳನ್ನ ಮೊದಲು ಡಬ್ಬಿಗೆ ಹಾಕಿ, ಬೇಸ್ ಅಡಿಗೆ ಮ್ಯಾಗ್ನೆಟ್ ಶೀಟ್ ಅಂಟಿಸಿ ತಗಡಿನ ಡಬ್ಬೀಲಿ ನಿಲ್ಸಿಟ್ರೆ ಈಟಿ ಒಂದಕ್ಕೊಂದು ತಗಲಲ್ಲ.